ಲೀಟರ್ ಕೇಳಬೇಡಿ, ಕೊಡ ಕೇಳಿ

ಸಿಂಧನೂರು ತಾಲ್ಲೂಕಿನ ನಿಮ್ಮ ಊರಿನ 400 ಮನೆಗಳಲ್ಲಿ ಸಮೀಕ್ಷೆಗೆ ಹೋದರೆ ಎಲ್ಲರೂ ‘ನೀರು ಸಾಲಲ್ಲ’ ಎಂದಷ್ಟೇ ಹೇಳುತ್ತಾರೆ, ಇದರಿಂದ ಯೋಜನೆ ಹೇಗೆ ಮಾಡುವುದು ಎಂದು ಕೇಳಿದ್ದೀರಿ. ತೊಂದರೆ ಪ್ರಶ್ನೆಯಲ್ಲೇ ಇದೆ. ನಿನ್ನೆ ಎಷ್ಟು ಕೊಡ ತುಂಬಿದಿರಿ, ಎಲ್ಲಿಂದ, ನಳ ಎಷ್ಟೊತ್ತಿಗೆ ಬಂತು, ಯಾರು ಹೊತ್ತು ತಂದರು ಎಂದು ಕೇಳಿ. ಮನೆಮನೆಗೆ ನಳದ ನೀರು ಕೊಡುವ ಕೇಂದ್ರದ ಜಲ ಜೀವನ್ ಮಿಷನ್ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275, ಅಂದರೆ 15 ಲೀಟರಿನ ಕೊಡದಲ್ಲಿ ಹದಿನೆಂಟಕ್ಕೂ ಹೆಚ್ಚು. ಊರಲ್ಲಿ ಬಳಸುವ ಕೊಡವನ್ನು ಮೊದಲು ಅಳೆದುಕೊಳ್ಳಿ. ನಳದ ಕೆಳಗೆ 10 ಲೀಟರಿನ ಬಕೆಟ್ ಇಟ್ಟು ತುಂಬಲು ಎಷ್ಟು ಸೆಕೆಂಡ್ ಎಂದೂ ಬರೆದುಕೊಳ್ಳಿ. 40 ಆದರೆ ನಿಮಿಷಕ್ಕೆ 15 ಲೀಟರ್. ಟ್ಯಾಂಕಿನ ಹತ್ತಿರದ ಓಣಿಯ ಅಂಕಿಯನ್ನು ಕೊನೆ ಓಣಿಯದರ ಪಕ್ಕ ಇಟ್ಟರೆ, ನೀರೇ ಕಡಿಮೆಯೋ ಹಂಚಿಕೆ ಕೆಟ್ಟಿದೆಯೋ ತಿಳಿಯುತ್ತದೆ.

ಎಲ್ಲ ಮನೆ ಆಗದಿದ್ದರೆ ಪ್ರತಿ ಓಣಿಯಲ್ಲೂ ನಾಲ್ಕಕ್ಕೊಂದು. ಬೀಗ ಹಾಕಿದ ಮನೆ ದಾಟಿ ಪಕ್ಕದ ಮನೆಗೆ ಹೋಗುವುದೇ ದೊಡ್ಡ ತಪ್ಪು: ಗುಳೆ ಹೋದ ಬಡವರು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ಅಂಥ ಮನೆಗಳ ಪಟ್ಟಿ ಇಟ್ಟು, ಹಬ್ಬಕ್ಕೆ ಬಂದಾಗ ಕೇಳಿ. ಬೆಳಿಗ್ಗೆ ಏಳರೊಳಗೆ ಇಲ್ಲವೇ ಸಂಜೆ ಏಳರ ಮೇಲೆ ಹೋಗಿ. ನಡುವೆ ಹೆಣ್ಣುಮಕ್ಕಳು ಕೂಲಿಗೆ ಹೋಗಿರುತ್ತಾರೆ, ನೀರಿನ ನಿಜವಾದ ಲೆಕ್ಕ ಇರುವುದು ಅವರ ಹತ್ತಿರವೇ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರಿದ್ದಾಗ ಒಮ್ಮೆ, ಬಂದ್ ಆದ ಬೇಸಿಗೆಯಲ್ಲಿ ಇನ್ನೊಮ್ಮೆ ಸಮೀಕ್ಷೆ ಮಾಡಿ.

ಬೋರ್‌ವೆಲ್ ನೀರು ಕುಡಿಯುವವರಿದ್ದರೆ ಫ್ಲೋರೈಡ್ ಪರೀಕ್ಷೆ ಮಾಡಿಸಲೇಬೇಕು, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ಬೋರ್ ಬಳಕೆಗೆ ಮಾತ್ರ, ಕುಡಿಯಲು ಅಲ್ಲ. ಗ್ರಾಮಸಭೆಗೆ ಒಂದು ವಾರ ಮೊದಲೇ ಓಣಿವಾರು ಅಂಕಿಗಳನ್ನು ಪಂಚಾಯಿತಿ ಗೋಡೆಗೆ ಹಚ್ಚಿ, ತಪ್ಪಿದ್ದರೆ ಜನರೇ ತಿದ್ದಲಿ.