ಹೌಲ್ಯಾಂಡ್ ಗವರ್ನರನ ಅಳಿಯನಲ್ಲ, ದಯವಿಟ್ಟು

ಪ್ರತಿ ನವೆಂಬರ್‌ನಲ್ಲೂ ಇದೇ ಪತ್ರಗಳು ಬರುತ್ತವೆ. ಅಮೆರಿಕದ ಶಾಲೆಯಲ್ಲಿ ಮೊಮ್ಮಕ್ಕಳಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಪ್ರಾಜೆಕ್ಟ್ ಕೊಡುತ್ತಾರೆ. ಇಲ್ಲಿ ಅಜ್ಜ ಅಜ್ಜಿಗೆ ವಂಶವೃಕ್ಷದ ಹುಚ್ಚು ಹಿಡಿಯುತ್ತದೆ. ಇಂಗ್ಲಿಷ್ ವಲಸಿಗರನ್ನು ಅಮೆರಿಕಕ್ಕೆ ಹೊತ್ತು ತಂದ ಮೇಫ್ಲವರ್ ಹಡಗು ಯಾಕೆ ಹೊರಟಿತು, ಅವರು ನೆಲೆಸಿದ ಪ್ಲಿಮತ್ ಎಲ್ಲಿದೆ ಎಂಬುದನ್ನೆಲ್ಲ ನಾನು ಇಲ್ಲಿ ಹೇಳುವುದಿಲ್ಲ. ಅದು ಮಕ್ಕಳ ಪಠ್ಯದಲ್ಲೇ ಇದೆ, ಅವರನ್ನೇ ಕೇಳಿ.

ಪ್ರಶ್ನೆ: ನಮ್ಮ ಸೊಸೆ ಮ್ಯಾಸಚೂಸೆಟ್ಸ್‌ನವಳು. ಅವಳ ತವರಿನವರು 1620ರಲ್ಲಿ ಮೇಫ್ಲವರ್‌ನಲ್ಲಿ ಬಂದ ಜಾನ್ ಹೌಲ್ಯಾಂಡ್ ವಂಶದವರಂತೆ. ಆನ್‌ಲೈನ್‌ನಲ್ಲಿ ಒಬ್ಬರು ಹಣ ತೆಗೆದುಕೊಂಡು ವಂಶವೃಕ್ಷ ಮಾಡಿಕೊಟ್ಟಿದ್ದಾರೆ. ಹೌಲ್ಯಾಂಡ್ ಮೊದಲ ಗವರ್ನರ್ ಜಾನ್ ಕಾರ್ವರ್‌ನ ಮಗಳನ್ನು ಮದುವೆಯಾದ ಎಂದು ಅದರಲ್ಲಿದೆ. ಕಾರ್ವರ್ ಕಡೆಯಿಂದ ರಾಜಮನೆತನಕ್ಕೂ ಗೆರೆ ಎಳೆದಿದ್ದಾರೆ. ಮೊಮ್ಮಗನ ಪ್ರಾಜೆಕ್ಟ್‌ಗೆ ಹಾಕಬಹುದೇ?

ಉತ್ತರ: ಹಾಕಬೇಡಿ. ಸಾಧ್ಯವಾದರೆ ಹಣ ವಾಪಸ್ ಕೇಳಿ.

ಕಾರ್ವರ್ ದಂಪತಿಗೆ ಬದುಕುಳಿದ ಮಕ್ಕಳೇ ಇರಲಿಲ್ಲ. ಇಲ್ಲದ ಮಗಳಿಗೆ ಮದುವೆ ಮಾಡಿಸಿ, ಆ ಮಗಳ ಮೂಲಕ ರಾಜರ ತನಕ ಹೋಗಿದ್ದಾರೆ ನಿಮ್ಮ ತಜ್ಞರು. ಈ ಕಥೆ ಅವರ ಸ್ವಂತದ್ದಲ್ಲ, ಅಷ್ಟು ಮಾತ್ರ ಅವರ ಪರವಾಗಿ ಹೇಳಬಹುದು. ಹೌಲ್ಯಾಂಡ್ ಮನೆತನದವರೇ ತಲೆಮಾರುಗಳ ಕಾಲ ಇದನ್ನು ನಂಬಿದ್ದರು. ಅದಕ್ಕೆ ಒಂದು ಕಾರಣವಿತ್ತು. ಪ್ಲಿಮತ್ ಕಾಲೊನಿಯ ಎರಡನೇ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಕೈಯಾರೆ ಬರೆದಿಟ್ಟ ಚರಿತ್ರೆಯ ಹಸ್ತಪ್ರತಿ ಅಮೆರಿಕದ ಕ್ರಾಂತಿಯ ಗಲಾಟೆಯಲ್ಲಿ ಬಾಸ್ಟನ್‌ನಿಂದ ಕಾಣೆಯಾಗಿತ್ತು. 1855ರಲ್ಲಿ ಅದು ಲಂಡನ್ ಬಿಷಪ್‌ರ ಫುಲ್ಹಮ್ ಅರಮನೆಯ ಗ್ರಂಥಾಲಯದಲ್ಲಿ ಸಿಕ್ಕಿತು. ಮರುವರ್ಷ ಅಚ್ಚಾಯಿತು. 1897ರಲ್ಲಿ ಹಸ್ತಪ್ರತಿಯೇ ಮ್ಯಾಸಚೂಸೆಟ್ಸ್‌ಗೆ ಮರಳಿತು.

ಹಡಗಿನಲ್ಲಿ ಬಂದವರ ಪಟ್ಟಿ ಅದರಲ್ಲಿದೆ. ಬಂದು ಸುಮಾರು 30 ವರ್ಷವಾದ ಮೇಲೆ, ಯಾರು ಸತ್ತರು, ಯಾರಿಗೆ ಎಷ್ಟು ಮಕ್ಕಳಾದರು ಎಂದು ಬ್ರಾಡ್‌ಫರ್ಡ್ ಕೂತು ಲೆಕ್ಕ ಹಾಕಿದ್ದಾನೆ. ಹೌಲ್ಯಾಂಡ್ ಜಾನ್ ಟಿಲ್ಲಿಯ ಮಗಳು ಎಲಿಜಬೆತ್‌ಳನ್ನು ಮದುವೆಯಾದ, ಇಬ್ಬರೂ ಬದುಕಿದ್ದಾರೆ, 10 ಮಕ್ಕಳು, ಎಲ್ಲರೂ ಜೀವಂತ, ದೊಡ್ಡ ಮಗಳಿಗೆ 4 ಮಕ್ಕಳು, ಎರಡನೆಯವಳಿಗೆ 1, ಒಟ್ಟು 15 ಎಂದು ಸ್ಪಷ್ಟವಾಗಿ ಬರೆದಿದ್ದಾನೆ. ಅದೇ ಸಣ್ಣ ಊರಿನಲ್ಲಿ ಇದ್ದುಕೊಂಡು, ಆ ಮಕ್ಕಳನ್ನು ಕಣ್ಣಾರೆ ಕಂಡವನ ಮಾತು ಇದು. ಇದು ಅಚ್ಚಾಗಿ ಒಂದೂವರೆ ಶತಮಾನ ದಾಟಿದೆ. ಈಗಲೂ ಗವರ್ನರನ ಮಗಳನ್ನು ಮಾರುವವರಿದ್ದಾರೆ, ಕೊಳ್ಳುವವರೂ ಇದ್ದಾರೆ.

ನಿಮ್ಮ ವೃಕ್ಷದಲ್ಲಿ ಇನ್ನೊಂದು ಚೆಂದ ನೋಡಿ. ಹೌಲ್ಯಾಂಡ್ 1672ರ ಫೆಬ್ರವರಿ 23ರಂದು ತೀರಿಕೊಂಡ ಎಂದಿದೆ. ಕೆಳಗೆ, 1672ರ ಮೇ 29ರಂದು ಉಯಿಲು ಬರೆದ ಎಂದಿದೆ. ಸತ್ತು ಮೂರು ತಿಂಗಳಾದ ಮೇಲೆ ಎದ್ದು ಕೂತು ಉಯಿಲು ಬರೆದನೇ? ಆಗಿನ ಇಂಗ್ಲಿಷರಿಗೆ ಹೊಸ ವರ್ಷ ಮಾರ್ಚ್ 25ಕ್ಕೆ. ಯುಗಾದಿಗೆ ಮುಂಚಿನ ಮಾಘ ಮಾಸ ಹಳೆ ಸಂವತ್ಸರಕ್ಕೇ ಸೇರುವ ಹಾಗೆ, ಅವರ ಫೆಬ್ರವರಿ ಹಿಂದಿನ ವರ್ಷಕ್ಕೇ ಸೇರುತ್ತಿತ್ತು. ಅವರ 1672ರ ಫೆಬ್ರವರಿ ಎಂದರೆ ನಮ್ಮ ಲೆಕ್ಕದಲ್ಲಿ 1673. ಇಂಗ್ಲೆಂಡಿನಲ್ಲೂ ಅದರ ಕಾಲೊನಿಗಳಲ್ಲೂ 1752ರಲ್ಲಿ ಈ ಪದ್ಧತಿ ಬದಲಾಯಿತು. ಅದಕ್ಕೇ ತಿಳಿದವರು 1672/73 ಎಂದು ಎರಡನ್ನೂ ಬರೆಯುತ್ತಾರೆ. ಆ ಓರೆಗೆರೆ ಇಲ್ಲದ ವಂಶವೃಕ್ಷ ಕಂಡರೆ ನಾನು ಮುಂದೆ ಓದುವುದೇ ಇಲ್ಲ.

ಈಗ ನಿಜವಾದ ಕಥೆ. ನನ್ನ ಮಟ್ಟಿಗೆ ಗವರ್ನರನ ಮಗಳ ಕಥೆಗಿಂತ ಇದು ಎಷ್ಟೋ ಜಾಸ್ತಿ ಚೆನ್ನಾಗಿದೆ.

ಹೌಲ್ಯಾಂಡ್ ಇಂಗ್ಲೆಂಡಿನ ಹಂಟಿಂಗ್ಡನ್‌ಶೈರ್‌ನ ಫೆನ್‌ಸ್ಟ್ಯಾಂಟನ್‌ನವನು. ತಂದೆ ಹೆನ್ರಿ, ತಾಯಿ ಮಾರ್ಗರೆಟ್. ಹಡಗು ಹತ್ತಿದ್ದು ಕಾರ್ವರ್ ಮನೆಯ ಆಳಾಗಿ. 'ಆಳು ಅಂತ ಬರೆದರೆ ಸೊಸೆಯ ಮನೆಯವರಿಗೆ ಬೇಜಾರಾಗುತ್ತದೆ' ಎಂದು ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಆಗಲಿ ಬಿಡಿ. ಅಟ್ಲಾಂಟಿಕ್ ಮಧ್ಯದಲ್ಲಿ ಬಿರುಗಾಳಿ ಎದ್ದಾಗ ಈತ ಮೇಲಟ್ಟಕ್ಕೆ ಬಂದ. ಹಡಗು ವಾಲಿತು, ಈತ ಸಮುದ್ರಕ್ಕೆ ಬಿದ್ದ. ಹೊರಗೆ ಜೋತಾಡುತ್ತಿದ್ದ ಹಾಯಿಯ ಹಗ್ಗ ಕೈಗೆ ಸಿಕ್ಕಿತು. ನೀರಿನಡಿ ಆಳಕ್ಕೆ ಹೋದರೂ ಅದನ್ನು ಬಿಡಲಿಲ್ಲ. ಎಳೆದು, ದೋಣಿಯ ಕೊಕ್ಕೆ ಹಾಕಿ ಮೇಲೆತ್ತಿದರು. ಇದನ್ನು ಬರೆದವನೂ ಬ್ರಾಡ್‌ಫರ್ಡೇ, ಆದ್ದರಿಂದ ಧೈರ್ಯವಾಗಿ ಪ್ರಾಜೆಕ್ಟ್‌ಗೆ ಹಾಕಿ. ನವೆಂಬರ್‌ನಲ್ಲಿ ದಡ ಕಂಡು ಲಂಗರು ಹಾಕಿದಾಗ ತಮ್ಮನ್ನು ತಾವೇ ಆಳಿಕೊಳ್ಳುವ ಮೇಫ್ಲವರ್ ಒಪ್ಪಂದಕ್ಕೆ ಸಹಿ ಹಾಕಿದ 41 ಗಂಡಸರಲ್ಲಿ ಈ ಆಳೂ ಒಬ್ಬ.

ಎಲಿಜಬೆತ್ ಬೆಡ್‌ಫರ್ಡ್‌ಶೈರ್‌ನ ಹೆನ್ಲೋ ಊರಿನವಳು. 1607ರ ಆಗಸ್ಟ್‌ನಲ್ಲಿ ದೀಕ್ಷಾಸ್ನಾನವಾಗಿದೆ. ಹಡಗು ಹತ್ತಿದಾಗ 13 ವರ್ಷ. ಬಂದ 102 ಜನರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ಸತ್ತರು. ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ನಾಲ್ವರನ್ನೂ ಈ ಹುಡುಗಿ ಕಳೆದುಕೊಂಡಳು. 1621ರ ಏಪ್ರಿಲ್‌ನಲ್ಲಿ ಕಾರ್ವರ್ ಹೊಲದಿಂದ ತಲೆನೋವು ಎಂದು ಬಂದು ಮಲಗಿದವನು ಏಳಲಿಲ್ಲ. ಕೆಲವೇ ವಾರಕ್ಕೆ ಅವನ ಹೆಂಡತಿಯೂ ಹೋದಳು. ಯಜಮಾನ ಸತ್ತ ಆಳು, ಹೆತ್ತವರಿಲ್ಲದ ಹುಡುಗಿ. ಮದುವೆಯಾದದ್ದು ಇವರಿಬ್ಬರು.

1627ರ ಹೊತ್ತಿಗೆ ಡಿಸೈರ್, ಜಾನ್ ಎಂಬ ಎರಡು ಮಕ್ಕಳಿದ್ದವು. ಆ ವರ್ಷ ಕಾಲೊನಿಯ ದನಗಳನ್ನು ಹಂಚಿದರು. ತಲಾ 13 ಜನರ 12 ಗುಂಪು. ಹೌಲ್ಯಾಂಡ್ ಹೆಸರು ಮೊದಲಿರುವ ಗುಂಪಿಗೆ ರ‍್ಯಾಗ್‌ಹಾರ್ನ್ ಎಂಬ ಒಂದು ಕಡಸು ಬಂತು. ಆ ಪಟ್ಟಿಯಲ್ಲಿ ಗಂಡ, ಹೆಂಡತಿ, ಮಕ್ಕಳ ಹೆಸರು ಒಟ್ಟಿಗಿದೆ. ವಂಶಾವಳಿ ಮಾಡುವವರಿಗೆ ರಾಜನ ಗೆರೆಗಿಂತ ಈ ಕಡಸಿನ ಪಟ್ಟಿ ಮುಖ್ಯ. ಈ ಪ್ರಯಾಣಕ್ಕೆ ಹಣ ಹಾಕಿದ ಲಂಡನ್ ವ್ಯಾಪಾರಿಗಳ ಸಾಲವನ್ನು ಹೊತ್ತ ಪ್ಲಿಮತ್‌ನ ಎಂಟು ಮಂದಿಯಲ್ಲೂ ಆತ ಇದ್ದ. 1634ರಲ್ಲಿ ಕೆನೆಬೆಕ್ ನದಿಯ ತುಪ್ಪಳ ವ್ಯಾಪಾರದ ಠಾಣೆ ಅವನ ಕೈಯಲ್ಲಿದ್ದಾಗ ಇನ್ನೊಂದು ವಸಾಹತಿನ ಹಾಕಿಂಗ್ ಎಂಬವನ ಜೊತೆ ಜಗಳವಾಗಿ ಎರಡೂ ಕಡೆ ಒಂದೊಂದು ಹೆಣ ಬಿತ್ತು. ಮಾರಾಟದ ವಂಶವೃಕ್ಷಗಳಲ್ಲಿ ಇದು ಇರುವುದಿಲ್ಲ, ಯಾಕೋ.

ಹತ್ತು ಮಕ್ಕಳೂ ದೊಡ್ಡವರಾಗಿ ಮದುವೆಯಾದರು, ಮೊಮ್ಮಕ್ಕಳು 80ಕ್ಕೂ ಹೆಚ್ಚು. ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್, ಇಬ್ಬರು ಬುಷ್‌ಗಳು, ನಟ ಹಂಫ್ರಿ ಬೊಗಾರ್ಟ್ ಇದೇ ಬಳ್ಳಿಯವರು. ನಿಮ್ಮ ಸೊಸೆಯೂ ಇರಬಹುದು, ಆದರೆ ಕಾಗದ ಬೇಕು. ಸೊಸೆಯಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ಹೌಲ್ಯಾಂಡ್‌ನಿಂದ ಶುರು ಮಾಡಿ ಮುಂದಕ್ಕೆ ಬರುವವರು ಯಾರ ಮನೆಗಾದರೂ ತಲುಪುತ್ತಾರೆ. ಪ್ರತಿ ಮೆಟ್ಟಿಲಿಗೂ ಈ ಮಗು ಈ ತಂದೆ ತಾಯಿಯದು ಎನ್ನುವ ದಾಖಲೆ ಇರಬೇಕು. ಮೊದಲ ತಲೆಮಾರುಗಳನ್ನು ಮೇಫ್ಲವರ್ ವಂಶಸ್ಥರ ಸಂಘ ಆಗಲೇ ಪರಿಶೀಲಿಸಿ ಅಚ್ಚು ಹಾಕಿದೆ. ಕಷ್ಟ ಬರುವುದು ನಡುವೆ, 1800ರ ಆಸುಪಾಸಿನಲ್ಲಿ. ಆಗ ಕುಟುಂಬಗಳು ನ್ಯೂಯಾರ್ಕ್, ಒಹಾಯೊ ಕಡೆ ಗಾಡಿ ಕಟ್ಟಿಕೊಂಡು ಹೋದವು, ದಾಖಲೆ ಹಿಂದೆ ಉಳಿಯಿತು. ವಂಶವೃಕ್ಷ ಮಾರುವವರು ಸರಿಯಾಗಿ ಅಲ್ಲೇ ಒಂದು ಹೆಸರು ತುರುಕುತ್ತಾರೆ.

ಪ್ರಶ್ನೆ: ನಮ್ಮ ಬೀಗಿತ್ತಿಯ ತವರಿನ ಅಡ್ಡಹೆಸರೇ ಹೌಲ್ಯಾಂಡ್. ಅಷ್ಟು ಸಾಕಲ್ವಾ?

ಉತ್ತರ: ಸಾಲದು. ಜಾನ್‌ನ ತಮ್ಮಂದಿರಾದ ಆರ್ಥರ್, ಹೆನ್ರಿ ಕೂಡ ಆಮೇಲೆ ಬಂದು ನೆಲೆಸಿದರು, ಅವರಿಗೂ ಸಂತಾನ ಇದೆ. ಅವರು ಮೇಫ್ಲವರ್‌ನಲ್ಲಿ ಬಂದವರಲ್ಲ. ಇತ್ತ ಜಾನ್‌ನ ಹತ್ತು ಮಕ್ಕಳಲ್ಲಿ ಆರು ಹೆಣ್ಣು. ಹಾಗಾಗಿ ಅವನ ವಂಶದ ಬಹುಪಾಲು ಜನರಿಗೆ ಹೌಲ್ಯಾಂಡ್ ಹೆಸರೇ ಇಲ್ಲ.

ಆದರೆ ತಮ್ಮಂದಿರ ಕವಲೂ ಸಪ್ಪೆಯೇನಲ್ಲ. ಕ್ವೇಕರ್ ಎಂಬ ಕ್ರೈಸ್ತ ಪಂಥದ ಒಲವಿದ್ದವರು, ಕೋರ್ಟಿಗೆ ಅಲೆದವರು. ಆರ್ಥರ್‌ನ ಮಗ, ಅವನ ಹೆಸರೂ ಆರ್ಥರ್, ಗವರ್ನರ್ ಥಾಮಸ್ ಪ್ರೆನ್ಸ್‌ನ ಮಗಳು ಎಲಿಜಬೆತ್‌ಳನ್ನು ಪ್ರೀತಿಸಿದ. ಕ್ವೇಕರರನ್ನು ಕಂಡರಾಗದ ಗವರ್ನರ್, ತನ್ನ ಅಪ್ಪಣೆ ಇಲ್ಲದೆ ಮಗಳ ಮನಸ್ಸು ಗೆಲ್ಲಲು ನೋಡಿದ ಎಂದು ಹುಡುಗನಿಗೆ ದಂಡ ಹಾಕಿಸಿದ. ಏಳು ವರ್ಷವಾದ ಮೇಲೆ ಮತ್ತೆ ದಂಡ. ಕೊನೆಗೆ ಮದುವೆ ಆಗಿಯೇ ಹೋಯಿತು. ಗವರ್ನರನ ಅಳಿಯನಾದ ಹೌಲ್ಯಾಂಡ್ ಬೇಕೇ ಬೇಕು ಎನ್ನುವವರು ಈ ಹುಡುಗನನ್ನು ಇಟ್ಟುಕೊಳ್ಳಬಹುದು.

ಪ್ರಶ್ನೆ: ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಗೊತ್ತಾಗುವುದಿಲ್ಲವೇ?

ಉತ್ತರ: 12 ತಲೆಮಾರು ಹಿಂದೆ ಹೋದರೆ ನಿಮಗೆ 4096 ಹಿರಿಯರ ಸ್ಥಾನಗಳಿರುತ್ತವೆ. ಅದರಲ್ಲಿ ಒಬ್ಬ ಹೌಲ್ಯಾಂಡ್. ಅವನ ಡಿಎನ್‌ಎ ಒಂದು ಚೂರೂ ಬಂದಿರದಿದ್ದರೂ ಆಶ್ಚರ್ಯವಿಲ್ಲ. ಗಂಡು ಮಕ್ಕಳ ನೇರ ಸಾಲಾದರೆ ವೈ ಕ್ರೋಮೋಸೋಮ್ ಸ್ವಲ್ಪ ಹೇಳೀತು, ಆದರೆ ಅದೂ ಅಣ್ಣತಮ್ಮಂದಿರನ್ನು ಬೇರೆ ಮಾಡಿ ತೋರಿಸುವುದು ಕಷ್ಟ. ಸುಮ್ನೆ ಉಗುಳಿ ಕಳಿಸುವ ಮೊದಲು ಅಜ್ಜಿಯ ಟ್ರಂಕ್ ತೆಗೆದು ನೋಡಲು ಹೇಳಿ.

ಪ್ರಶ್ನೆ: ಹೌಲ್ಯಾಂಡ್ ಕುಲದ ಲಾಂಛನವಿರುವ ಫಲಕ ಮಾರುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ಇಂಗ್ಲೆಂಡಿನಲ್ಲಿ ಲಾಂಛನ ಕೊಡುತ್ತಿದ್ದದ್ದು ವ್ಯಕ್ತಿಗೆ, ಅಡ್ಡಹೆಸರಿಗಲ್ಲ, ಗೋಡೆಗೆ ಬಣ್ಣ ಹೊಡೆಸಿ, ಅದು ಉಪಯೋಗ.

ಪ್ರಶ್ನೆ: ಅವರು ಇಳಿದ ಪ್ಲಿಮತ್ ಬಂಡೆಯ ಫೋಟೊ ಹಾಕೋಣವೇ?

ಉತ್ತರ: ಆ ಬಂಡೆಯ ಸುದ್ದಿ ಎತ್ತಿದ್ದು 1741ರಲ್ಲಿ, 94 ವರ್ಷದ ಮುದುಕರೊಬ್ಬರು, ಹಡಗಿನಲ್ಲಿ ಬಂದ ಯಾರೂ ಅದರ ಬಗ್ಗೆ ಒಂದಕ್ಷರ ಬರೆದಿಲ್ಲ. ಬದಲಿಗೆ ಹೌಲ್ಯಾಂಡನ ಮಗ ಜೇಬೆಜ್‌ನ ಮನೆ ಪ್ಲಿಮತ್‌ನಲ್ಲಿ ಇನ್ನೂ ನಿಂತಿದೆ, ಅದರ ಫೋಟೊ ಹಾಕಿ.

ಪ್ರಶ್ನೆ: ಇವರೂ ಈಸ್ಟ್ ಇಂಡಿಯಾ ಕಂಪನಿಯವರೇ ಅಲ್ವಾ?

ಉತ್ತರ: ಅಲ್ಲ.

ಪ್ರಶ್ನೆ: ಖಾಲಿ ಬಿದ್ದ ಕಾಡಿನಲ್ಲಿ ಊರು ಕಟ್ಟಿದ ಸಾಹಸಿಗಳು ಎಂದು ಬರೆದರೆ ಸರಿಯೇ?

ಉತ್ತರ: ಯಾರ ಕಾಡು, ಎಲ್ಲಿ ಖಾಲಿ? ಪ್ಲಿಮತ್ ಎದ್ದದ್ದು ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ಪಟುಕ್ಸೆಟ್ ಎಂಬ ಊರಿನ ಮೇಲೆ. 1616ರಿಂದ 1619ರ ನಡುವೆ ಯುರೋಪಿನವರ ಜೊತೆ ಬಂದ ಕಾಯಿಲೆ ಆ ಊರನ್ನು ಅಳಿಸಿತ್ತು. ಅವರು ಹಸನು ಮಾಡಿದ್ದ ಹೊಲ ಸಿದ್ಧವಾಗಿಯೇ ಇತ್ತು. ಆ ಊರಿನವರಲ್ಲಿ ಬದುಕುಳಿದಿದ್ದ ಟಿಸ್ಕ್ವಾಂಟಮ್ ಎಂಬಾತ ಇವರಿಗೆ ಮೆಕ್ಕೆಜೋಳ ಹಾಕುವುದನ್ನು ಕಲಿಸಿದ. ಹೌಲ್ಯಾಂಡ್ ಸತ್ತ ಎರಡೇ ವರ್ಷಕ್ಕೆ, 1675ರ ಜೂನ್‌ನಲ್ಲಿ, ವಾಂಪನೋಗ್ ನಾಯಕ ಮೆಟಕಾಮ್ ಜೊತೆ ಯುದ್ಧ ಶುರುವಾಯಿತು. ಮೊದಲ ದಾಳಿ ನಡೆದ ಸ್ವಾನ್ಸಿ, ಹೌಲ್ಯಾಂಡನ ಮಗಳು ಲಿಡಿಯಾಳ ಗಂಡನ ಊರು. ದೊಡ್ಡ ಅಳಿಯ ಜಾನ್ ಗೋರಮ್ ಕ್ಯಾಪ್ಟನ್ ಆಗಿ ಇನ್ನೊಂದು ಮೂಲನಿವಾಸಿ ಕುಲವಾದ ನ್ಯಾರಗ್ಯಾನ್ಸೆಟ್ ಜನರ ಕೋಟೆಯ ಮೇಲಿನ ದಾಳಿಗೆ ಹೋದ. ಅಲ್ಲಿ ಹೆಂಗಸರು ಮಕ್ಕಳು ಬೆಂಕಿಗೆ ಸಿಕ್ಕಿ ಸತ್ತರು. ಗೋರಮ್ ಕೂಡ ಆ ಚಳಿಗಾಲ ದಾಟಲಿಲ್ಲ. ಯುದ್ಧ ಮುಗಿದ ಮೇಲೆ ಮೆಟಕಾಮ್‌ನ ಎಳೆಯ ಮಗನನ್ನು ಗುಲಾಮನಾಗಿ ಮಾರಿದರು. ಹೌಲ್ಯಾಂಡನ ಹೆಂಡತಿ ಎಲಿಜಬೆತ್ ಮಾತ್ರ ಅದೇ ಸ್ವಾನ್ಸಿಯಲ್ಲಿ, ಲಿಡಿಯಾಳ ಮನೆಯಲ್ಲಿ, 1687ರ ಡಿಸೆಂಬರ್‌ನಲ್ಲಿ 80ನೇ ವಯಸ್ಸಿಗೆ ತೀರಿಕೊಂಡಳು. ಇಷ್ಟನ್ನೂ ಬರೆಯಿರಿ. ಮಗುವಿಗೆ ಜಾಸ್ತಿ ಆಯಿತು ಎನಿಸಿದರೆ ಆ ಕೊಕ್ಕೆಯ ಕಥೆಯನ್ನು ಚಿಕ್ಕದು ಮಾಡಿ, ಇದನ್ನಲ್ಲ.

ಪ್ರಶ್ನೆ: ವಂಶ ಸಾಬೀತಾದರೆ ನಮಗೆ ಗ್ರೀನ್ ಕಾರ್ಡ್ ಸುಲಭವಾಗುತ್ತದೆಯೇ?

ಉತ್ತರ: ಇಲ್ಲ.