ಕಾಲೇಜು ಬೇಸ್‌ಬಾಲ್‌ನಲ್ಲಿ ರಾಬಿನ್ ವೆಂಚುರಾ ಅಷ್ಟು ದೊಡ್ಡ ಹೆಸರು ಯಾಕೆ?
ಮುಖ್ಯ ಕಾರಣ 1987ರ ಸೀಸನ್. ಅಮೆರಿಕದ ಒಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯದ ಪರ ವೆಂಚುರಾ ಸತತ 58 ಪಂದ್ಯಗಳಲ್ಲಿ ಒಂದಾದರೂ ಹಿಟ್ ಹೊಡೆದರು. ಅಮೆರಿಕದ ಅತ್ಯುನ್ನತ ವೃತ್ತಿಪರ ಬೇಸ್‌ಬಾಲ್ ಆದ ಮೇಜರ್ ಲೀಗ್‌ನಲ್ಲಿ ಜೋ ಡಿಮ್ಯಾಜಿಯೊ 1941ರಲ್ಲಿ ಮಾಡಿದ ದಾಖಲೆಯೇ 56.

ಹಿಟ್ ಅಂದರೆ ಸುಮ್ನೆ ಬ್ಯಾಟಿಗೆ ಚೆಂಡು ತಾಗುವುದಲ್ಲ. ಎದುರಾಳಿ ಫೀಲ್ಡರ್ ತಪ್ಪಿನ ನೆರವಿಲ್ಲದೆ ಬ್ಯಾಟರ್ ಓಡಿ ಬೇಸ್ (ಮೈದಾನದಲ್ಲಿ ಗುರುತು ಮಾಡಿದ ನಿಲ್ದಾಣ) ಮುಟ್ಟಬೇಕು. ಅಮೆರಿಕದ ಒಮಾಹಾ ನಗರದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿರುದ್ಧ ವೆಂಚುರಾ ಅವರ ಸತತ ಹಿಟ್‌ಗಳ ಸರಣಿ ಮುರಿದದ್ದೂ ಈ ನಿಯಮದಿಂದಲೇ. ಕೊನೆಯ ಸರದಿಯಲ್ಲಿ ಚೆಂಡು ನೆಲದ ಮೇಲೆ ಸೆಕೆಂಡ್ ಬೇಸ್ ಕಡೆ ಉರುಳಿತು, ಫೀಲ್ಡರ್ ಎಡವಟ್ಟು ಮಾಡಿದರು. ವೆಂಚುರಾ ಬೇಸ್ ತಲುಪಿದರು, ಆದರೆ ಅದು ಹಿಟ್ ಅಲ್ಲ, ‘ಎರರ್’ (ಫೀಲ್ಡರ್ ತಪ್ಪು) ಎಂದು ದಾಖಲಾಯಿತು. ಎಷ್ಟು ಬೇಜಾರಾಗಿರಬೇಕು ಅಲ್ವಾ!

ಕಾಲೇಜಿನ ಮೂರು ವರ್ಷಗಳ ಒಟ್ಟು ಬ್ಯಾಟಿಂಗ್ ಸರಾಸರಿ .428, ಅಂದರೆ ಹತ್ತಕ್ಕೆ ನಾಲ್ಕಕ್ಕೂ ಹೆಚ್ಚು ಹಿಟ್. ಹತ್ತಕ್ಕೆ ಮೂರು ಹಿಟ್ ಬಂದರೇ ಒಳ್ಳೆಯ ಆಟಗಾರ ಎನ್ನುವ ಆಟವಿದು. 1988ರಲ್ಲಿ ಅಮೆರಿಕದ ಅತ್ಯುತ್ತಮ ಹವ್ಯಾಸಿ ಬೇಸ್‌ಬಾಲ್ ಆಟಗಾರನಿಗೆ ಕೊಡುವ ಗೋಲ್ಡನ್ ಸ್ಪೈಕ್ಸ್ ಪ್ರಶಸ್ತಿಯೂ ಅವರಿಗೇ ಬಂತು.