ಈಚೆ ಪಾರ್ಸೆಲ್, ಆಚೆ ಕೂತು ಊಟ!

ಪ್ರಶ್ನೆ: ಮುಲುಂಡ್ ಚೆಕ್ ನಾಕಾ ಹತ್ತಿರ ನಮ್ಮದೊಂದು ಸಣ್ಣ ಉಡುಪಿ ಹೋಟೆಲ್. 2021ರ ಜೂನ್‌ನಲ್ಲಿ ಕೋವಿಡ್ ಅನ್‌ಲಾಕ್ ಶುರುವಾದಾಗ ನಾವು ಸಂಜೆ ನಾಲ್ಕಕ್ಕೇ ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿಡಬೇಕಿತ್ತು. ನಾಕಾ ದಾಟಿದರೆ ಥಾಣೆ, ಅಲ್ಲಿ ಜನ ಆರಾಮಾಗಿ ಕೂತು ತಿನ್ನುತ್ತಿದ್ದರು. ಆಮೇಲೆ ಮುಂಬಯಿಯಲ್ಲಿ ಕೇಸ್ ಇಳಿದರೂ ನಮಗೆ ಸಡಿಲಿಕೆ ಸಿಗಲಿಲ್ಲ. ಆದದ್ದು ಆಯಿತು, ಆದರೆ ಆ ಲೆಕ್ಕ ಇವತ್ತಿಗೂ ತಲೆಗೆ ಹತ್ತಿಲ್ಲ. ನಿರ್ಧಾರ ಸರ್ಕಾರದ್ದಾ, ಪಾಲಿಕೆಯದ್ದಾ?
– ಮುಲುಂಡ್‌ನ ಓದುಗರು

ಉತ್ತರ: ಅಳತೆಗೋಲು ಸರ್ಕಾರದ್ದು, ಅಳೆದು ಕತ್ತರಿಸಿದ್ದು ಪಾಲಿಕೆ.

2021ರ ಜೂನ್ 4ರಂದು ರಾಜ್ಯ ಸರ್ಕಾರ ಐದು ಹಂತಗಳ ಆದೇಶ ಹೊರಡಿಸಿತು. ನೋಡಿದ್ದು ಎರಡೇ ಸಂಖ್ಯೆ. ಟೆಸ್ಟ್ ಮಾಡಿಸಿದವರಲ್ಲಿ ನೂರಕ್ಕೆ ಎಷ್ಟು ಜನ ಪಾಸಿಟಿವ್, ಆಕ್ಸಿಜನ್ ಬೆಡ್‌ಗಳಲ್ಲಿ ನೂರಕ್ಕೆ ಎಷ್ಟು ಭರ್ತಿ. ಪಾಸಿಟಿವ್ ಶೇ 5ಕ್ಕಿಂತ ಕಡಿಮೆ, ಬೆಡ್ ಶೇ 25ಕ್ಕಿಂತ ಕಡಿಮೆ ಇದ್ದರೆ ಒಂದನೇ ಹಂತ, ಬಹುತೇಕ ಎಲ್ಲ ಓಪನ್. ಪಾಸಿಟಿವ್ ಅಷ್ಟೇ ಇದ್ದು ಬೆಡ್ 25ರಿಂದ 40ರ ನಡುವೆ ಇದ್ದರೆ ಎರಡನೇ ಹಂತ. ಪಾಸಿಟಿವ್ 5 ದಾಟಿತೋ, ಮೂರನೇ ಹಂತ. ನಿಮ್ಮ ಕುರ್ಚಿ ಕವುಚಿದ್ದು ಇಲ್ಲೇ. ವಾರದ ದಿನಗಳಲ್ಲಿ ನಾಲ್ಕರವರೆಗೆ ಅರ್ಧ ಸೀಟು, ಆಮೇಲೆ ಪಾರ್ಸೆಲ್. ಶನಿವಾರ, ಭಾನುವಾರ ಬರೀ ಪಾರ್ಸೆಲ್.

ಮೊದಲ ವಾರ ಮುಂಬಯಿ ಶೇ 5ರ ಗೆರೆಯನ್ನು ಚೂರೇ ಚೂರು ದಾಟಿತ್ತು, ಮೂರನೇ ಹಂತಕ್ಕೆ ಬಿತ್ತು. ಥಾಣೆಯದ್ದು ಬೇರೆ ಪಾಲಿಕೆ. 2011ರ ಜನಗಣತಿಯಲ್ಲಿ ಹತ್ತು ಲಕ್ಷ ದಾಟಿದ ಪಾಲಿಕೆಗಳಿಗೆಲ್ಲ ಪ್ರತ್ಯೇಕ ಲೆಕ್ಕ. ಥಾಣೆ ಎರಡನೇ ಹಂತಕ್ಕೆ ಹೋಯಿತು. ಒಂದೇ ರಸ್ತೆ, ಎರಡು ಕಾನೂನು. ವೈರಸ್ಸೇನು ನಾಕಾದಲ್ಲಿ ನಿಂತು ಟೋಲ್ ಕಟ್ಟಿ ಬರುತ್ತದಾ ಅಂತ ಆಗ ಜನ ಕೇಳಿದ್ದರಲ್ಲಿ ತಪ್ಪಿಲ್ಲ.

ನಿಮ್ಮ ಪ್ರಶ್ನೆಯ ಖಾರ ಇರುವುದು ಮುಂದಿನ ಭಾಗದಲ್ಲಿ. ಎರಡೇ ವಾರದಲ್ಲಿ ಮುಂಬಯಿಯ ಎರಡೂ ಸಂಖ್ಯೆಗಳು ಒಂದನೇ ಹಂತದ ಗೆರೆಗಿಂತ ಕೆಳಗಿಳಿದವು. ಪಾಲಿಕೆ ಮಾತ್ರ ಮೂರರಿಂದ ಅಲುಗಲಿಲ್ಲ. ಕಾರಣಗಳನ್ನೂ ಹೇಳಿತ್ತು: ಜನಸಾಂದ್ರತೆ, ಸುತ್ತಲ ಊರುಗಳಿಂದ ಲೋಕಲ್ ಟ್ರೇನ್‌ನಲ್ಲಿ ಒತ್ತೊತ್ತಿಕೊಂಡು ಬರುವ ಜನ, ಮೂರನೇ ಅಲೆಯ ಭಯ.

ಲೋಕಲ್ ವಿಷಯದಲ್ಲಿ ನಾನು ಪಾಲಿಕೆಯ ಪರ. ಎಂಟೂವರೆ ಗಂಟೆಯ ಫಾಸ್ಟ್ ಲೋಕಲ್‌ನಲ್ಲಿ ಡೊಂಬಿವಲಿಯಿಂದ ನಿಂತು ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಎರಡನೇ ಡೋಸ್ ಆಗಿ 14 ದಿನ ಕಳೆದವರಿಗೆ ಲೋಕಲ್ ಬಾಗಿಲು ತೆರೆದದ್ದೇ 2021ರ ಆಗಸ್ಟ್ 15ಕ್ಕೆ.

ಆದರೆ ಆ ನಾಲ್ಕು ಗಂಟೆಯನ್ನು ನಾನು ಒಪ್ಪಲಾರೆ. ಉಡುಪಿ ಹೋಟೆಲ್‌ನ ದಿನ ಹೇಗಿರುತ್ತದೆಂದು ನಿಮಗೇ ಗೊತ್ತು. ಬೆಳಗಿನ ಇಡ್ಲಿಯ ಗಲಾಟೆ ಮುಗಿದು, ಮಧ್ಯಾಹ್ನದ ಊಟವಾಗಿ, ಮತ್ತೆ ಕಾವಲಿ ಕಾಯುವುದು ಸಂಜೆ ಐದರ ನಂತರ, ಆಫೀಸು ಬಿಟ್ಟವರು ಬಂದಾಗ. ಆ ಹೊತ್ತಿಗೆ ಶಟರ್ ಅರ್ಧಕ್ಕೆ ಇಳಿದಿದ್ದರೆ ರುಬ್ಬಿಟ್ಟ ಹಿಟ್ಟು ಹುಳಿ ಬರುತ್ತದೆ. ಪಾರ್ಸೆಲ್ ದೋಸೆ ಮನೆ ಸೇರುವಷ್ಟರಲ್ಲಿ ಚರ್ಮದಂತಾಗುತ್ತದೆ, ಗಿರಾಕಿ ಎರಡನೇ ಸಲ ಕೇಳುವುದಿಲ್ಲ. ಇಡೀ ದಿನಕ್ಕೆ ಹಂಚಿಹೋಗಬೇಕಾದ ಜನರನ್ನು ನಾಲ್ಕರೊಳಗೆ ಅದುಮಿದರೆ ಗುಂಪು ಕಡಿಮೆಯಾಗುತ್ತದಾ, ಜಾಸ್ತಿಯಾಗುತ್ತದಾ? ಸೀಟು ಅರ್ಧ ಮಾಡಿ, ಹೊತ್ತು ಬಿಟ್ಟುಕೊಡಬಹುದಿತ್ತು.

ಅಂದಹಾಗೆ, ಥಾಣೆಯವರ ಸುಖವೂ ಹೆಚ್ಚು ದಿನ ಬಾಳಲಿಲ್ಲ. ಡೆಲ್ಟಾ ಪ್ಲಸ್ ಅನ್ನುವ ಹೊಸ ರೂಪದ ವೈರಸ್ಸಿನ ಸುದ್ದಿ ಬಂದದ್ದೇ, ಜೂನ್ 25ರಂದು ಸರ್ಕಾರ ಮೊದಲ ಎರಡು ಹಂತಗಳನ್ನೇ ಎತ್ತಿಹಾಕಿತು. ರಾಜ್ಯದ ಎಲ್ಲರಿಗೂ ಕನಿಷ್ಠ ಮೂರನೇ ಹಂತ. ಹೋಟೆಲಿಗೆ ರಾತ್ರಿ ಹತ್ತರವರೆಗೆ ಅನುಮತಿ ಸಿಕ್ಕಿದ್ದೂ ಆಗಸ್ಟ್ 15ಕ್ಕೇ.

ಪ್ರಶ್ನೆ: 2021ರಲ್ಲಿ ಆರು ಕೇಸಿಗೆ ನಮ್ಮ ಬಿಲ್ಡಿಂಗ್ ಸೀಲ್ ಆಗಿತ್ತು. 2022ರ ಜನವರಿಯಲ್ಲಿ ಎಂಟು ಮನೆಯಲ್ಲಿ ಕೇಸ್ ಇದ್ದರೂ ಗೇಟು ತೆರೆದೇ ಇತ್ತು. ಯಾರದ್ದೋ ವಶೀಲಿಬಾಜಿ ಅಂತ ಸೊಸೈಟಿಯಲ್ಲಿ ಇಂದಿಗೂ ಮಾತಿದೆ.
– ಬೊರಿವಲಿಯ ಓದುಗರು

ಉತ್ತರ: ವಶೀಲಿ ಏನಿಲ್ಲ, ನಿಯಮವೇ ಬದಲಾಗಿತ್ತು. ಮೊದಲು ಐದಕ್ಕಿಂತ ಜಾಸ್ತಿ ಕೇಸ್ ಬಂದರೆ ಸೀಲ್. ಇಪ್ಪತ್ತು ಮನೆಯ ಹಳೇ ಬಿಲ್ಡಿಂಗಿಗೂ ಇನ್ನೂರು ಮನೆಯ ಟವರಿಗೂ ಅದೇ ಐದು. ಓಮಿಕ್ರಾನ್ ಬಂದಾಗ ಕೇಸ್ ಬೆಟ್ಟದಷ್ಟು, ಆಸ್ಪತ್ರೆ ಸೇರುವವರು ಕಡಿಮೆ. ಹಳೇ ನಿಯಮ ಹಿಡಿದಿದ್ದರೆ ಅರ್ಧ ಮುಂಬಯಿಗೆ ಬೀಗ ಬೀಳುತ್ತಿತ್ತು. ಹಾಗಾಗಿ ಶೇ 20ಕ್ಕಿಂತ ಜಾಸ್ತಿ ಮನೆಗಳಲ್ಲಿ ಸೋಂಕಿದ್ದರೆ ಮಾತ್ರ ಇಡೀ ಬಿಲ್ಡಿಂಗ್ ಸೀಲ್ ಅಂತ ಪಾಲಿಕೆ ಬದಲಿಸಿತು. ನಿಮ್ಮದು ಐವತ್ತು ಮನೆಯ ಬಿಲ್ಡಿಂಗ್ ಅಂದುಕೊಳ್ಳೋಣ. ಹತ್ತು ಮನೆ ದಾಟಬೇಕಿತ್ತು, ನೀವು ಎಂಟಕ್ಕೇ ನಿಂತಿರಿ.